ಎದುರು ಮನೆಯ ಅಳಿಯ ಉಳಿಸಿದ ಅಂಗಡಿ: ಕಾರ್ಗಿಲ್ ದಾವಣಗೆರೆಗೆ ಬಂದ ಬಗೆ

ಕಾರ್ಗಿಲ್ ಎಂದರೆ ನಾಡಿನ ಬೇರೆ ಕಡೆ ಜನಕ್ಕೆ 1999ರ ಯುದ್ಧ ನೆನಪಿಗೆ ಬರುತ್ತದೆ. ದಾವಣಗೆರೆ ಸೀಮೆಯಲ್ಲಿ ಹಾಗಲ್ಲ. ಇಲ್ಲಿ ಕಾರ್ಗಿಲ್ ಎಂದರೆ ಮೆಕ್ಕೆಜೋಳ ಅರೆಯುವ ಫ್ಯಾಕ್ಟರಿ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಹೆಸರು, ಆದರೆ ಒಂದಕ್ಕೊಂದಕ್ಕೆ ಏನೇನೂ ಸಂಬಂಧವಿಲ್ಲ. ಒಂದು ಹಿಮದ ಬೆಟ್ಟದ ಊರು. ಇನ್ನೊಂದು ಸ್ಕಾಟ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಒಂದು ಮನೆತನದ ಅಡ್ಡಹೆಸರು. ಆ ಮನೆತನದ ಅಂಗಡಿ ಇವತ್ತು ಎಪ್ಪತ್ತು ದೇಶಗಳಲ್ಲಿ ಬಾಗಿಲು ತೆರೆದು ಕೂತಿದೆ. ಅದರಲ್ಲಿ ಒಂದು ಬಾಗಿಲು ದಾವಣಗೆರೆ ಜಿಲ್ಲೆಯಲ್ಲಿದೆ.

2025ರ ಸುಗ್ಗಿಯಲ್ಲಿ ಮೆಕ್ಕೆಜೋಳದ ದರ ಬಿದ್ದಾಗ ಈ ಹೆಸರು ಮತ್ತೆ ಕಟ್ಟೆ ಮಾತಿಗೆ ಬಂತು. ಕೇಂದ್ರ ಸರ್ಕಾರ ಆ ವರ್ಷಕ್ಕೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ. ಪೇಟೆಯಲ್ಲಿ ಸಿಕ್ಕಿದ್ದು ಅದಕ್ಕಿಂತ ಎಷ್ಟೋ ಕೆಳಗೆ. ಉತ್ತರ ಕರ್ನಾಟಕದಲ್ಲಿ ರೈತರು ರಸ್ತೆಗಿಳಿದರು, ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆದರು, ಖರೀದಿ ಕೇಂದ್ರದ ಮಾತು ಎದ್ದಿತು. ಆಗ ಕೆಲವರು, "ಇಷ್ಟು ದೊಡ್ಡ ಕಂಪನಿ ಮಗ್ಗುಲಲ್ಲೇ ಕೂತಿದೆಯಲ್ಲ, ಅದು ಬಂದದ್ದು ಯಾರ ಉದ್ಧಾರಕ್ಕೆ?" ಅಂದರು. ಇನ್ನು ಕೆಲವರು, "ಅದೂ ಇಲ್ಲದಿದ್ದರೆ ರೇಟು ಇನ್ನೂ ಪಾತಾಳಕ್ಕೆ ಹೋಗ್ತಿತ್ತು" ಅಂದರು. ಎರಡು ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಆದರೆ ಈ ಕಂಪನಿಯ ಹುಟ್ಟು, ಬೆಳವಣಿಗೆ, ಅದರ ವ್ಯಾಪಾರದ ಗುಣ ತಿಳಿಯದೆ ಹೊಗಳುವುದೂ ವ್ಯರ್ಥ, ತೆಗಳುವುದೂ ವ್ಯರ್ಥ.

ರೈಲು ಮುಗಿಯುವ ಜಾಗದಲ್ಲಿ ಗೋದಾಮು

1865. ಅಮೆರಿಕದ ಅಂತರ್ಯುದ್ಧ ಆಗಷ್ಟೇ ಮುಗಿದಿತ್ತು. ವಿಲಿಯಂ ವ್ಯಾಲೇಸ್ ಕಾರ್ಗಿಲ್ ಎಂಬ ಇಪ್ಪತ್ತು ದಾಟಿದ ಹುಡುಗ, ಹಡಗಿನ ಕ್ಯಾಪ್ಟನ್ ಆಗಿದ್ದ ಸ್ಕಾಟ್ ಮನುಷ್ಯನ ಮಗ, ಅಯೋವಾ ರಾಜ್ಯದ ಕಾನೋವರ್ ಎಂಬ ಊರಿನಲ್ಲಿ ಒಂದು ಧಾನ್ಯದ ಗೋದಾಮು ಹಿಡಿದ. ಆ ಊರಿನ ವಿಶೇಷ ಇಷ್ಟೇ: ರೈಲು ಹಳಿ ಅಲ್ಲಿಗೆ ಬಂದು ನಿಂತಿತ್ತು. ಅಲ್ಲಿಂದಾಚೆಗೆ ಗಾಡಿ ದಾರಿ. ಸುತ್ತಿನ ಒಕ್ಕಲುಮಕ್ಕಳು ಗೋಧಿಯನ್ನು ಗಾಡಿಯಲ್ಲಿ ತಂದು ಸುರಿಯಬೇಕು, ಅಲ್ಲಿಂದ ಮುಂದಕ್ಕೆ ಅದು ರೈಲಿನಲ್ಲಿ ಹೋಗಬೇಕು. ನಡುವೆ ಒಂದು ಸೂರು ಬೇಕಲ್ಲ? ಆ ಸೂರು ಕಾರ್ಗಿಲ್ಲನದು.

ಮುಂದಿನ ಕಥೆಯ ಬೀಜ ಇಲ್ಲೇ ಇದೆ. ಬೆಳೆದವನು ಬೇರೆ, ತಿನ್ನುವವನು ಬೇರೆ. ಇಬ್ಬರ ನಡುವೆ ಗೋದಾಮು ಮತ್ತು ಸಾಗಾಟ ಯಾರ ಕೈಯಲ್ಲಿದೆಯೋ ಅವನು ಇಬ್ಬರ ಹತ್ತಿರವೂ ಮಾತಾಡಬಲ್ಲ. ಹಳಿ ಮುಂದೆ ಮುಂದೆ ಹೋದ ಹಾಗೆ ಕಾರ್ಗಿಲ್ಲನೂ ಹೋದ. ತಮ್ಮಂದಿರು ಜೊತೆಗೂಡಿದರು. 1870ರಲ್ಲಿ ಮಿನೆಸೋಟಾದ ಆಲ್ಬರ್ಟ್ ಲೀ, 1875ರಲ್ಲಿ ವಿಸ್ಕಾನ್ಸಿನ್‌ನ ಲಾಕ್ರಾಸ್ ಪಟ್ಟಣ. ಹಿಂದೆ ಬಿಟ್ಟುಬಂದ ಕಾನೋವರ್ ಆಮೇಲೆ ಹಾಳೂರಾಯಿತು. ಹಳಿ ಮುಂದೆ ಹೋಯಿತು, ವ್ಯಾಪಾರ ಮುಂದೆ ಹೋಯಿತು, ಊರು ಅಲ್ಲೇ ಸತ್ತಿತು. ಹತ್ತಿ ಮಿಲ್ಲುಗಳ ಸೈರನ್ ಕೇಳಿ ಬೆಳೆದ ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ.

ಕೊಟ್ಟು ತಂದ ಸಂಬಂಧ

ಲಾಕ್ರಾಸ್‌ನಲ್ಲಿ ಕಾರ್ಗಿಲ್ಲರ ಮನೆ ಎದುರಿಗೆ ಮ್ಯಾಕ್‌ಮಿಲನ್ ಎಂಬ ಇನ್ನೊಂದು ಸ್ಕಾಟ್ ಕುಟುಂಬ ಇತ್ತು. ಎದುರು ಬದುರು ಮನೆಯಲ್ಲಿ ಆಗುವುದೇ ಆಯಿತು. ಕಾರ್ಗಿಲ್ಲನ ಮಗಳು ಎಡ್ನಾಳನ್ನು 1895ರಲ್ಲಿ ಜಾನ್ ಮ್ಯಾಕ್‌ಮಿಲನ್‌ಗೆ ಕೊಟ್ಟರು. ಕಾರ್ಗಿಲ್ಲನ ಹಿರಿಮಗನಿಗೆ ಮ್ಯಾಕ್‌ಮಿಲನ್ ಮನೆಯ ಹೆಣ್ಣನ್ನು ತಂದರು. ನಮ್ಮ ಕಡೆಯ ಮಾತಿನಲ್ಲಿ ಕೊಟ್ಟು ತಂದ ಸಂಬಂಧ. ಅಮೆರಿಕದಲ್ಲೂ ದುಡ್ಡಿರುವ ಮನೆಗಳಲ್ಲಿ ಇಂಥದ್ದೆಲ್ಲ ನಡೆಯುತ್ತದೆ.

1909ರಲ್ಲಿ ಯಜಮಾನ ಕಣ್ಣು ಮುಚ್ಚಿದ. ಪೆಟ್ಟಿಗೆ ತೆಗೆದು ನೋಡಿದರೆ ಸಾಲವೋ ಸಾಲ. ಹಿರಿಮಗ ಮಹಾಶಯ ಮೊಂಟಾನಾ ರಾಜ್ಯದಲ್ಲಿ ನೀರಾವರಿ ಯೋಜನೆ ಎಂದು ಹಣ ಸುರಿದಿದ್ದ. ಕಾಲುವೆಗೆ ಹೋದ ಹಣ ವಾಪಸು ಬರಲಿಲ್ಲ. ಸಾಲ ಕೊಟ್ಟವರು ಬಾಗಿಲಿಗೆ ಬಂದು ಕೂತರು. ಇಂಥ ಹೊತ್ತಿನಲ್ಲಿ ಅಂಗಡಿಯ ಚುಕ್ಕಾಣಿ ಹಿಡಿದವನು ಮಗನಲ್ಲ, ಅಳಿಯ. ಜಾನ್ ಮ್ಯಾಕ್‌ಮಿಲನ್ ಸಾಲಗಾರರನ್ನು ಕೂರಿಸಿಕೊಂಡು ಇಪ್ಪತ್ತೆರಡೂವರೆ ಲಕ್ಷ ಡಾಲರಿನ ಪತ್ರ ಬರೆದುಕೊಟ್ಟ. ಧಾನ್ಯಕ್ಕೆ ಸಂಬಂಧವಿಲ್ಲದ ಆಸ್ತಿಯನ್ನು ಮಾರುತ್ತ ಬಂದ. 1916ರ ಹೊತ್ತಿಗೆ ಲೆಕ್ಕ ಚುಕ್ತಾ ಆಯಿತು. ಭಾವಮೈದನನ್ನು ವ್ಯಾಪಾರದಿಂದ ಹೊರಗಿಟ್ಟ. ಆ ಜಗಳ ಬಹಳ ಕಾಲ ಉರಿಯಿತು.

ಅಂದಿನಿಂದ ಬೋರ್ಡಿನ ಮೇಲೆ ಕಾರ್ಗಿಲ್ ಹೆಸರು, ಗಲ್ಲೆಯ ಮೇಲೆ ಮ್ಯಾಕ್‌ಮಿಲನ್ ಜನ. ಹೊರಗಿನವನೊಬ್ಬ, ಎರ್ವಿನ್ ಕೆಲ್ಮ್, ಮೊದಲ ಸಲ ಕಂಪನಿಯ ಮುಖ್ಯಸ್ಥನಾದದ್ದು 1960ರಲ್ಲಿ. ಆಮೇಲೆ ಮತ್ತೆ ವಿಟ್ನಿ ಮ್ಯಾಕ್‌ಮಿಲನ್ ಬಂದು 1995ರವರೆಗೆ ನಡೆಸಿದ. ಅವನ ನಂತರ ಮನೆಯವರು ಯಾರೂ ಆ ಕುರ್ಚಿಯಲ್ಲಿ ಕೂತಿಲ್ಲ, ಕೂತವರೆಲ್ಲ ಸಂಬಳದವರು. ಒಡೆತನ ಮಾತ್ರ ಕೈಬಿಟ್ಟು ಹೋಗಿಲ್ಲ. ಶೇಕಡಾ ತೊಂಬತ್ತರ ಆಸುಪಾಸಿನ ಪಾಲು ಇವತ್ತಿಗೂ ಆ ಎರಡು ಮನೆಗಳ ಮಕ್ಕಳು ಮೊಮ್ಮಕ್ಕಳದು. ಒಂದೇ ಕುಟುಂಬದಲ್ಲಿ ಹದಿನಾಲ್ಕು ಮಂದಿ ಶತಕೋಟಿ ಡಾಲರ್ ಒಡೆಯರು ಇದ್ದಾರೆ ಎಂದು 2015ರಲ್ಲಿ ಫೋರ್ಬ್ಸ್ ಪತ್ರಿಕೆ ಲೆಕ್ಕ ಹಾಕಿತ್ತು.

ಮೂರನೇ ತಲೆಮಾರಿಗೆ ಗೋಡೆ ಎಬ್ಬಿಸುವುದು ನಮ್ಮ ಮಂಡಿಪೇಟೆಯ ಮನೆಗಳಿಗೆ ಹೊಸದಲ್ಲ. ಅಣ್ಣನಿಗೊಂದು ಮಳಿಗೆ, ತಮ್ಮನಿಗೊಂದು ಗಿರಣಿ, ಮಗಳ ಪಾಲಿಗೆ ಒಂದಿಷ್ಟು ಕೋರ್ಟು ಕಾಗದ. ಇವರು ಒಂದೂವರೆ ಶತಮಾನ ಹೇಗೆ ಒಡೆಯದೆ ನಿಂತರು? ಒಂದು ಕಾರಣ ಸರಳ: ಲಾಭದಲ್ಲಿ ಮನೆಯವರು ಹಂಚಿಕೊಳ್ಳುವುದು ಸ್ವಲ್ಪವೇ, ಮಿಕ್ಕ ಹೆಚ್ಚಿನ ಭಾಗವನ್ನು ವ್ಯಾಪಾರಕ್ಕೇ ವಾಪಸು ಹಾಕುತ್ತಾರೆ. ಇನ್ನೊಂದು, ಪಾಲು ಕೇಳಿದವರಿಗೆ ಅಂಗಡಿ ಒಡೆಯದೆ ಪಾಲು ಕೊಡುವ ದಾರಿ ಹುಡುಕುತ್ತಾರೆ. ಸ್ಥಾಪಕನ ಮೊಮ್ಮಗಳು ಮಾರ್ಗರೆಟ್ ಕಾರ್ಗಿಲ್ 2006ರಲ್ಲಿ ತೀರಿಕೊಂಡಾಗ ಆಕೆಯ ಪಾಲು ದಾನಧರ್ಮದ ಟ್ರಸ್ಟುಗಳಿಗೆ ಹೋಯಿತು. ಟ್ರಸ್ಟಿಗೆ ಬೇಕಾದ್ದು ನಗದು. ಕಂಪನಿಯ ಷೇರನ್ನು ಪೇಟೆಗೆ ಬಿಟ್ಟರೆ ಮನೆತನದ ಹಿಡಿತ ಹೋಗುತ್ತದೆ. ಏನು ಮಾಡಿದರು? ಕಾರ್ಗಿಲ್ ಕೈಯಲ್ಲಿದ್ದ ಮೊಸಾಯಿಕ್ ಎಂಬ ಗೊಬ್ಬರದ ಕಂಪನಿಯ ಶೇಕಡಾ 64ರ ಪಾಲನ್ನು 2011ರಲ್ಲಿ ಬಿಟ್ಟುಕೊಟ್ಟು ಆ ಬಾಬ್ತು ತೀರಿಸಿದರು. ಸುಮಾರು 2,400 ಕೋಟಿ ಡಾಲರಿನ ವ್ಯವಹಾರ. ಗೊಬ್ಬರ ಹೋಯಿತು, ಗುಟ್ಟು ಉಳಿಯಿತು.

ಗುಟ್ಟು ಎಂದದ್ದು ಸುಮ್ಮನೆ ಅಲ್ಲ. ಷೇರುಪೇಟೆಗೆ ಹೋದ ಕಂಪನಿ ಮೂರು ತಿಂಗಳಿಗೊಮ್ಮೆ ಲೆಕ್ಕ ಬಿಚ್ಚಬೇಕು. ಕಾರ್ಗಿಲ್ಲಿಗೆ ಆ ಕಟ್ಟಲೆ ಇಲ್ಲ. ಮೊದಲು ಮೂರು ತಿಂಗಳ ಲಾಭನಷ್ಟವನ್ನು ತಾನಾಗಿ ಹೇಳುತ್ತಿತ್ತು, 2020ರಲ್ಲಿ ಅದನ್ನೂ ನಿಲ್ಲಿಸಿತು. ಈಗ ವರ್ಷಕ್ಕೊಮ್ಮೆ ಒಟ್ಟು ವಹಿವಾಟು ಹೇಳುತ್ತದೆ: 2023ರಲ್ಲಿ 17,700 ಕೋಟಿ ಡಾಲರ್, 2024ರಲ್ಲಿ 16,000 ಕೋಟಿ, 2025ರಲ್ಲಿ 15,400 ಕೋಟಿ. ಇಳಿಮುಖ. ಕೆಲಸಗಾರರಲ್ಲಿ ನೂರಕ್ಕೆ ಐದು ಜನರನ್ನು ತೆಗೆಯುತ್ತೇವೆ ಎಂದು 2024ರ ಡಿಸೆಂಬರ್‌ನಲ್ಲಿ ಹೇಳಿದ್ದೂ ಇದೇ ಕಂಪನಿ. ಒಂದು ಲಕ್ಷ ಅರವತ್ತು ಸಾವಿರ ಜನ ದುಡಿಯುವ ಕಡೆ ನೂರಕ್ಕೆ ಐದೆಂದರೆ ಎಂಟು ಸಾವಿರ ಮನೆ.

ಕಾಳಿನಿಂದ ದನದ ದಾಣಿಗೆ

ಬರೀ ಗೋಧಿ ಮಾರಿಕೊಂಡಿದ್ದರೆ ಕಾರ್ಗಿಲ್ ಇಷ್ಟು ಬೆಳೆಯುತ್ತಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಮಿನೆಸೋಟಾದ ನದಿ ದಡದಲ್ಲಿ ಅಮೆರಿಕದ ನೌಕಾಪಡೆಗೆ ಎಣ್ಣೆ ಸಾಗಿಸುವ ಹಡಗು ಕಟ್ಟಿಕೊಟ್ಟರು. ಯುದ್ಧ ಮುಗಿದ 1945ರಲ್ಲಿ ನ್ಯೂಟ್ರೀನಾ ಎಂಬ ಪಶು ಆಹಾರದ ಕಂಪನಿಯನ್ನು ಕೊಂಡರು. ಈ ಖರೀದಿ ಮಹತ್ವದ್ದು. ಯಾಕೆಂದರೆ ಧಾನ್ಯದ ವ್ಯಾಪಾರಿಗೆ ದೊಡ್ಡ ತಲೆನೋವು ಮಾಲು ಕೊಳ್ಳುವವನನ್ನು ಹುಡುಕುವುದು. ಮನುಷ್ಯ ತಿನ್ನುವ ರೊಟ್ಟಿಗೆ ಒಂದು ಮಿತಿ ಇದೆ. ದನ, ಹಂದಿ, ಕೋಳಿ ತಿನ್ನುವುದಕ್ಕೆ ಅಂಥ ಮಿತಿ ಇಲ್ಲ. ಒಂದು ಕಿಲೋ ಮಾಂಸ, ಒಂದು ಲೀಟರ್ ಹಾಲು, ಒಂದು ಮೊಟ್ಟೆಯ ಹಿಂದೆ ಕಾಳು ಇದ್ದೇ ಇರುತ್ತದೆ. ಗೋದಾಮಿನಲ್ಲಿರುವ ಕಾಳನ್ನು ತಾನೇ ಅರೆದು, ಹಿಂಡಿ, ಖನಿಜ, ಜೀವಸತ್ವ ಸೇರಿಸಿ ಚೀಲ ಕಟ್ಟಿ ಮಾರಿದರೆ ಕಾಳಿಗೂ ಗಿರಾಕಿ ತಾನೇ, ಆಹಾರಕ್ಕೂ ವ್ಯಾಪಾರಿ ತಾನೇ.

ಅಲ್ಲಿಗೇ ನಿಲ್ಲಲಿಲ್ಲ. 1979ರಲ್ಲಿ ದನ ಕೊಯ್ದು ಮಾಂಸ ಮಾರುವ ದೊಡ್ಡ ಕಂಪನಿಯನ್ನು ಕೊಂಡರು. 2001ರಲ್ಲಿ ಅಗ್ರಿಬ್ರಾಂಡ್ಸ್ ಕೊಂಡು, ಅಮೆರಿಕದ ಹೊರಗೆ ಪ್ಯೂರಿನಾ ಹೆಸರಿನ ಪಶು ಆಹಾರ ಮಾರುವ ಹಕ್ಕು ಪಡೆದರು. 2011ರಲ್ಲಿ ಯೂರೋಪಿನ ಪ್ರೋವಿಮಿ ಬಂತು, ಸುಮಾರು 150 ಕೋಟಿ ಯೂರೋ ಕೊಟ್ಟು. ಈಗ ನೋಡಿ: ರೈತನಿಗೆ ಕಾಳು ಕೊಳ್ಳುವವನು ಕಾರ್ಗಿಲ್, ದನ ಸಾಕುವವನಿಗೆ ದಾಣಿ ಮಾರುವವನು ಕಾರ್ಗಿಲ್, ಅದೇ ದನ ಕೊಳ್ಳುವವನೂ ಕಾರ್ಗಿಲ್. ಅಮೆರಿಕದ ರೈತ ಎರಡೂ ತುದಿಯಲ್ಲಿ ಒಬ್ಬನನ್ನೇ ಕಾಣುವ ಸ್ಥಿತಿ ಎಷ್ಟೋ ಕಡೆ ಬಂತು. ಭಾರತದಲ್ಲಿ ಹಾಗಾಗಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಇಲ್ಲಿ ಸಹಕಾರಿ ಹಾಲು ಒಕ್ಕೂಟವಿದೆ, ಅದರದೇ ಪಶು ಆಹಾರದ ಕಾರ್ಖಾನೆಗಳಿವೆ. ರಾಜಾನುಕುಂಟೆ, ಗುಬ್ಬಿ, ಧಾರವಾಡ, ಹಾಸನ, ಶಿಕಾರಿಪುರದಲ್ಲಿ ಕೆಎಂಎಫ್ ಚೀಲ ತುಂಬುತ್ತಿದೆ. ಹಳ್ಳಿಯ ಡೇರಿಗೆ ಹಾಲು ಹಾಕುವ ಹೆಣ್ಣುಮಗಳು ಚೀಲ ಒಯ್ದು ಬಟವಾಡೆಯಲ್ಲಿ ಮುರಿದುಕೊಳ್ಳಿ ಅನ್ನಬಹುದು. ಈ ಸೌಕರ್ಯದ ಬೆಲೆ ಅದು ಹೋದ ಮೇಲೆ ತಿಳಿಯುವಂಥದ್ದು.

ಕಂಪನಿ ಕೊಟ್ಟ ಮಾತಿಗೆ ತಪ್ಪುವುದಿಲ್ಲ, ತೂಕ ಸರಿ, ದುಡ್ಡು ಸರಿ ಎಂಬ ಹೆಸರು ಧಾನ್ಯದ ವ್ಯಾಪಾರದಲ್ಲಿ ಇದೆ. ಹಾಗೆಂದು ಹಾಲಿನಲ್ಲಿ ತೊಳೆದ ಕೈಯೇನೂ ಅಲ್ಲ. 1937ರಲ್ಲಿ ಶಿಕಾಗೋ ವಾಯಿದೆ ಪೇಟೆಯಲ್ಲಿ ಮೆಕ್ಕೆಜೋಳವನ್ನೆಲ್ಲ ತನ್ನ ಮುಷ್ಟಿಗೆ ತೆಗೆದುಕೊಂಡು ರೇಟು ಏರಿಸಲು ನೋಡಿತು ಎಂಬ ಆಪಾದನೆ ಬಂತು. ಹಿಂದಿನ ವರ್ಷ ಬರಗಾಲ, ದಾಸ್ತಾನು ಕಡಿಮೆ. ಮರುವರ್ಷ ಆ ಪೇಟೆ ಕಾರ್ಗಿಲ್ಲನ್ನು ಹೊರಗೆ ಹಾಕಿತು. ಕಂಪನಿಯವರು ಅದನ್ನು ಒಪ್ಪಲಿಲ್ಲ, ಎದುರಾಳಿಗಳ ಪಿತೂರಿ ಅಂದರು. 1963ರ ಮೇ ತಿಂಗಳ ಗೋಧಿ ವಾಯಿದೆಯಲ್ಲಿ ಮತ್ತೆ ಅದೇ ರಾಗ. ಪೇಟೆಗೆ ಒಪ್ಪಿಸಬಹುದಾದ ಗೋಧಿಯೆಲ್ಲ ಬಹುಪಾಲು ತನ್ನ ಹತ್ತಿರವೇ ಇರುವಾಗ ಕೊನೇ ಗಳಿಗೆಯಲ್ಲಿ ರೇಟು ಏರಿಸಿ ಕೂತಿತು ಎಂದು ಅಮೆರಿಕದ ಕೃಷಿ ಇಲಾಖೆ ಹೇಳಿತು. 1971ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು ಇಲಾಖೆಯ ಮಾತನ್ನೇ ಎತ್ತಿಹಿಡಿಯಿತು. ವಾಯಿದೆ ವ್ಯಾಪಾರದಲ್ಲಿ 'ಮ್ಯಾನಿಪ್ಯುಲೇಷನ್' ಎಂದರೇನು ಎಂದು ಕೇಳಿದಾಗ ವಕೀಲರು ಇವತ್ತಿಗೂ ಎತ್ತುವ ತೀರ್ಪುಗಳಲ್ಲಿ ಅದೊಂದು.

ಆಗ ಜಗತ್ತಿನ ಧಾನ್ಯ ವ್ಯಾಪಾರ ಐದು ಮನೆಗಳ ಕೈಯಲ್ಲಿತ್ತು. ಕಾರ್ಗಿಲ್, ಕಾಂಟಿನೆಂಟಲ್, ಲೂಯಿ ಡ್ರೇಫಸ್, ಬುಂಗೆ, ಆಂದ್ರೆ. ಐದೂ ಮನೆತನದ ವ್ಯಾಪಾರ, ಐದೂ ಬಾಯಿ ಬಿಡದ ಜನ. 1972ರಲ್ಲಿ ಸೋವಿಯತ್ ರಷ್ಯ ಸದ್ದಿಲ್ಲದೆ ಬಂದು ಅಮೆರಿಕದ ಗೋಧಿಯನ್ನು ರಾಶಿ ರಾಶಿ ಕೊಂಡುಹೋದಾಗಲೇ ಇವರ ಹೆಸರು ಹೊರಗೆ ಕೇಳಿದ್ದು. ಐದರಲ್ಲಿ ಆಂದ್ರೆ 2001ರಲ್ಲಿ ಕುಸಿಯಿತು. ಬುಂಗೆ ಅದೇ ವರ್ಷ ಷೇರುಪೇಟೆಗೆ ಹೋಯಿತು. ಕಾಂಟಿನೆಂಟಲ್‌ನ ಧಾನ್ಯ ವ್ಯಾಪಾರವನ್ನು 1999ರಲ್ಲಿ ಕಾರ್ಗಿಲ್ಲೇ ನುಂಗಿತು.

ಹಸಿರು ಶಾಲಿನವರು ಕಂಡ ಕಾರ್ಗಿಲ್

ಕರ್ನಾಟಕಕ್ಕೆ ಈ ಕಂಪನಿ ಮೊದಲು ಬಂದದ್ದು ಕಾಳು ಕೊಳ್ಳಲಿಕ್ಕಲ್ಲ, ಬೀಜ ಮಾರಲಿಕ್ಕೆ. 1980ರ ದಶಕದ ಕೊನೆಗೆ ಬೆಂಗಳೂರಿನಲ್ಲಿ ಕಾರ್ಗಿಲ್ ಸೀಡ್ಸ್ ಕಚೇರಿ ತೆರೆಯಿತು. ಸೂರ್ಯಕಾಂತಿ, ಮೆಕ್ಕೆಜೋಳದ ಹೈಬ್ರಿಡ್ ಬೀಜ. ಹೇಳಿದಷ್ಟು ಇಳುವರಿ ಬರಲಿಲ್ಲ ಎಂಬ ದೂರು ರೈತ ಸಂಘದ್ದು. ಅಷ್ಟರಲ್ಲಿ 1991ರ ಡಿಸೆಂಬರ್‌ನಲ್ಲಿ ಡಂಕೆಲ್ ಕರಡು ಹೊರಬಿತ್ತು. ಗ್ಯಾಟ್ ಒಪ್ಪಂದವಾದರೆ ಬೀಜದ ಮೇಲೂ ಪೇಟೆಂಟು ಬರುತ್ತದೆ, ನಮ್ಮ ಕಣದ ಬೀಜ ನಾವೇ ಬಿತ್ತಲು ಕಂಪನಿಯ ಅಪ್ಪಣೆ ಬೇಕಾಗುತ್ತದೆ ಎಂದು ಪ್ರೊ. ಎಂ.ಡಿ. ನಂಜುಂಡಸ್ವಾಮಿ ಹಳ್ಳಿ ಹಳ್ಳಿ ತಿರುಗಿ ಹೇಳಿದರು. ಕಾನೂನು ಓದಿದ ಮನುಷ್ಯ. ಕರಡನ್ನು ಓದಿ ಅರ್ಥ ಮಾಡಿಕೊಂಡು ಮಾತಾಡಿದ ಕೆಲವೇ ನಾಯಕರಲ್ಲಿ ಅವರೂ ಒಬ್ಬರು.

1992ರ ಡಿಸೆಂಬರ್ 29ರಂದು ರೈತ ಸಂಘದ ಕಾರ್ಯಕರ್ತರು ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿ ಕಡತಗಳನ್ನು ಹೊರಗೆಸೆದು ಸುಟ್ಟರು. 1993ರ ಜುಲೈನಲ್ಲಿ ಬಳ್ಳಾರಿಯಲ್ಲಿ ಕಟ್ಟುತ್ತಿದ್ದ ಬೀಜ ಸಂಸ್ಕರಣ ಘಟಕವನ್ನು ಕೆಡವಿದರು. ಅದೇ ವರ್ಷ ಗುಜರಾತಿನ ಕಾಂಡ್ಲಾದಲ್ಲಿ ಕಾರ್ಗಿಲ್ ದೊಡ್ಡ ಪ್ರಮಾಣದಲ್ಲಿ ಉಪ್ಪು ತೆಗೆಯಲು ಹೊರಟಿತ್ತು. ಜಾರ್ಜ್ ಫರ್ನಾಂಡಿಸ್ ಮುಂದಾಳಾಗಿ ಉಪ್ಪಿನ ಸತ್ಯಾಗ್ರಹವೇ ನಡೆಯಿತು. ಕಂಪನಿ ಆ ಯೋಜನೆ ಬಿಟ್ಟು ಹಿಂದೆ ಸರಿಯಿತು. ಒಂದೇ ವರ್ಷದಲ್ಲಿ ಮೂರು ಕಡೆ ಏಟು.

ಕಟ್ಟಡ ಕೆಡವಿದ್ದು ಸರಿಯೋ ತಪ್ಪೋ ಎಂಬ ವಾದ ಅಂದೂ ಇತ್ತು, ಇಂದೂ ಇದೆ. ಸಂಘದವರು ಆಸ್ತಿ ಮುರಿಯುವುದು ಹಿಂಸೆಯಲ್ಲ ಅಂದರು. ಸರ್ಕಾರ ಕೇಸು ಹಾಕಿತು. ಆದರೆ ಆ ಗಲಾಟೆಯಿಂದ ಒಂದು ಲಾಭವಂತೂ ಆಯಿತು: ಬೀಜದ ಹಕ್ಕು ಎಂಬ ಮಾತು ವಿಧಾನಸೌಧದಿಂದ ದೆಹಲಿಯವರೆಗೆ ಕೇಳಿಸಿತು. 2001ರಲ್ಲಿ ಪಾರ್ಲಿಮೆಂಟು ಮಾಡಿದ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ಬೀಜ ಉಳಿಸುವ, ಬಿತ್ತುವ, ಬದಲಾಯಿಸುವ, ಮಾರುವ ಹಕ್ಕು ರೈತನಿಗಿದೆ ಎಂದು ಬರೆದಿದ್ದಾರೆ. ಬ್ರಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೇ. ಇಂಥ ಸಾಲು ಎಷ್ಟೋ ದೇಶಗಳ ಕಾಯ್ದೆಯಲ್ಲಿ ಇಲ್ಲ. ಅದು ತಾನಾಗಿ ಬಂದು ಕೂತದ್ದಲ್ಲ.

ವಿಚಿತ್ರ ನೋಡಿ. ಯಾವ ಬೀಜಕ್ಕಾಗಿ ಇಷ್ಟೆಲ್ಲ ಆಯಿತೋ ಆ ಬೀಜದ ವ್ಯಾಪಾರವನ್ನು ಕಾರ್ಗಿಲ್ 1998ರಲ್ಲಿ ಮಾನ್ಸಾಂಟೊ ಕಂಪನಿಗೆ ಮಾರಿಬಿಟ್ಟಿತು. ಅಮೆರಿಕದ ಹೊರಗಿನ ಬೀಜದ ಬಾಬ್ತು ಒಟ್ಟು 140 ಕೋಟಿ ಡಾಲರಿಗೆ. ಮಾನ್ಸಾಂಟೊವನ್ನು 2018ರಲ್ಲಿ ಜರ್ಮನಿಯ ಬೇಯರ್ ಕೊಂಡಿತು. ಇವತ್ತು ಜಗಳೂರು, ಚನ್ನಗಿರಿ ಕಡೆ ರೈತ ಮೆಕ್ಕೆಜೋಳ ಬಿತ್ತುವುದು ಹೈಬ್ರಿಡ್ ಬೀಜವನ್ನೇ. ಕಾಯ್ದೆಯಲ್ಲಿ ಬೀಜ ಉಳಿಸುವ ಹಕ್ಕಿದೆ. ಆದರೆ ಹೈಬ್ರಿಡ್ ಜೋಳದ ಕಾಳನ್ನು ಉಳಿಸಿ ಬಿತ್ತಿದರೆ ಮರುವರ್ಷ ಬೆಳೆ ಒಂದೇ ಸಮ ಬರುವುದಿಲ್ಲ. ಹಾಗಾಗಿ ಮುಂಗಾರಿಗೆ ಮುಂಚೆ ಅಂಗಡಿ ಮುಂದೆ ನಿಲ್ಲಲೇಬೇಕು. ಪೇಟೆಂಟು ಮಾಡಲಾಗದ ಕೆಲಸವನ್ನು ತಳಿಯ ಗುಣವೇ ಮಾಡಿಕೊಟ್ಟಿತು.

ಎರಡನೇ ಸಲದ ಪ್ರವೇಶ

ಬಳ್ಳಾರಿಯ ಗೋಡೆ ಬಿದ್ದ ಇಪ್ಪತ್ತೆರಡು ವರ್ಷಕ್ಕೆ, 2015ರಲ್ಲಿ, ಕಾರ್ಗಿಲ್ ಪಕ್ಕದ ದಾವಣಗೆರೆಗೆ ಬಂತು. ಭಾರತದಲ್ಲಿ ಅದರ ಮೊದಲ ಮೆಕ್ಕೆಜೋಳ ಅರೆಯುವ ಕಾರ್ಖಾನೆ. ಬಂಡವಾಳ ಸುಮಾರು 10 ಕೋಟಿ ಡಾಲರ್, ದಿನಕ್ಕೆ 800 ಟನ್ ಜೋಳ ಅರೆಯುವ ಶಕ್ತಿ ಎಂದು ಆಗ ಪ್ರಕಟವಾಯಿತು. ಈ ಸಲ ಕಲ್ಲು ಬೀಳಲಿಲ್ಲ. ಯಾಕೆ? ರೈತ ಸಂಘ ಆ ಹೊತ್ತಿಗೆ ಬಣ ಬಣವಾಗಿತ್ತು, ನಂಜುಂಡಸ್ವಾಮಿಯವರು 2004ರಲ್ಲೇ ತೀರಿಕೊಂಡಿದ್ದರು. ಅದೊಂದು ಕಾರಣ. ಇನ್ನೊಂದು ಕಾರಣ ಹೆಚ್ಚು ದೊಡ್ಡದು: ಮೊದಲ ಸಲ ಕಂಪನಿ ರೈತನ ಹತ್ತಿರ ದುಡ್ಡು ಕೇಳಲು ಬಂದಿತ್ತು, ಎರಡನೇ ಸಲ ದುಡ್ಡು ಕೊಡಲು ಬಂತು. ಮಾರುವವನ ಮೇಲೆ ಬರುವ ಸಿಟ್ಟು ಕೊಳ್ಳುವವನ ಮೇಲೆ ಬರುವುದು ಕಷ್ಟ.

ಕಾರ್ಖಾನೆಯೊಳಗೆ ಜೋಳಕ್ಕೆ ಏನಾಗುತ್ತದೆ ಎಂಬುದು ತಿಳಿಯತಕ್ಕದ್ದು. ಕಾಳನ್ನು ಗಂಧಕದ ಅನಿಲ ಬೆರೆತ ಬಿಸಿ ನೀರಿನಲ್ಲಿ ಒಂದೆರಡು ದಿನ ನೆನೆಹಾಕುತ್ತಾರೆ. ಮೆತ್ತಗಾದ ಮೇಲೆ ಒಡೆದು ಮೊಳಕೆಯ ಭಾಗ ತೆಗೆಯುತ್ತಾರೆ, ಅದರಿಂದ ಎಣ್ಣೆ. ಸಿಪ್ಪೆ ಬೇರೆ. ಉಳಿದದ್ದನ್ನು ಗಿರಗಿರ ತಿರುಗಿಸಿ ಗ್ಲುಟೆನ್ ಬೇರೆ, ಪಿಷ್ಟ ಬೇರೆ ಮಾಡುತ್ತಾರೆ. ಪಿಷ್ಟದಿಂದ ಗ್ಲೂಕೋಸ್, ಮಿಠಾಯಿಗೆ ಬೇಕಾದ ಪಾಕ, ಕಾಗದಕ್ಕೆ, ಬಟ್ಟೆಗೆ, ಮಾತ್ರೆಗೆ ಬೇಕಾದ ಗಂಜಿ. ಗ್ಲುಟೆನ್ ಪ್ರೋಟೀನಿನ ಗಣಿ, ಕೋಳಿ ಆಹಾರಕ್ಕೆ ಹೋಗುತ್ತದೆ. ಸಿಪ್ಪೆ, ನೆನೆಹಾಕಿದ ನೀರಿನ ಸಾರ ಪಶು ಆಹಾರಕ್ಕೆ. ಒಂದು ಕಾಳೂ ವ್ಯರ್ಥವಿಲ್ಲ. ಧಾನ್ಯದ ವ್ಯಾಪಾರಿಯ ನೂರೈವತ್ತು ವರ್ಷದ ಬುದ್ಧಿ ಈ ಗಿರಣಿಯಲ್ಲಿ ಕಾಣುತ್ತದೆ.

ದಿನಕ್ಕೆ 800 ಟನ್ ಎಂದರೆ ಎಂಟು ಸಾವಿರ ಕ್ವಿಂಟಾಲ್. ಇಪ್ಪತ್ತು ಟನ್ನಿನ ಲಾರಿ ಲೆಕ್ಕದಲ್ಲಿ ನಲವತ್ತು ಲಾರಿ. ವರ್ಷಕ್ಕೆ ಮುನ್ನೂರು ದಿನ ಪೂರ್ತಿ ಓಡಿದರೆ ಎರಡು ಲಕ್ಷ ನಲವತ್ತು ಸಾವಿರ ಟನ್. ಒಂದೇ ಗಿರಾಕಿಗೆ ಇದು ಸಣ್ಣ ಹಸಿವಲ್ಲ. ಆದರೆ ರಾಜ್ಯದಲ್ಲಿ ಒಳ್ಳೆಯ ಮಳೆ ವರ್ಷ ಬೆಳೆಯುವುದು ಐವತ್ತು ಲಕ್ಷ ಟನ್ನಿನ ಸುತ್ತಮುತ್ತ. ಅದರ ಮುಂದೆ ಈ ಗಿರಾಕಿ ನೂರಕ್ಕೆ ಐದು. ಇವನು ಒಬ್ಬನೇ ರೇಟು ಕಟ್ಟುತ್ತಾನೆ ಎನ್ನುವುದು ಅತಿಯಾಯಿತು. ಕೋಳಿ ಆಹಾರದವರಿದ್ದಾರೆ, ಬೇರೆ ಪಿಷ್ಟದ ಗಿರಣಿಗಳಿವೆ, ಈಚೆಗೆ ಎಥನಾಲ್ ಕಾರ್ಖಾನೆಗಳು ಬಂದಿವೆ. ಎಥನಾಲ್‌ಗೆ ಜೋಳ ಹೋಗತೊಡಗಿದ ಮೇಲೆಯೇ, ಹೊರದೇಶಕ್ಕೆ ಜೋಳ ಕಳಿಸುತ್ತಿದ್ದ ಭಾರತ 2024ರಲ್ಲಿ ಹೊರಗಿನಿಂದ ತರಿಸಿಕೊಂಡದ್ದು. ಆ ಏರಿದ ರೇಟು ನೋಡಿ ರೈತರು ಇನ್ನಷ್ಟು ಎಕರೆಗೆ ಜೋಳ ಹಾಕಿದರು. 2025ರಲ್ಲಿ ಫಸಲು ತುಂಬಿ ಬಂತು, ರೇಟು ಮಲಗಿತು.

ಹಾಗಾದರೆ ಕಂಪನಿಗೂ ರೈತನಿಗೂ ವ್ಯತ್ಯಾಸ ಎಲ್ಲಿದೆ? ಕಾಯುವ ಶಕ್ತಿಯಲ್ಲಿದೆ. ಅಕ್ಟೋಬರ್ ನವೆಂಬರ್‌ನಲ್ಲಿ ತೆನೆ ಮುರಿದು ಒಕ್ಕಿದ ಜೋಳದಲ್ಲಿ ನೀರಿನಂಶ ಜಾಸ್ತಿ. ಸರ್ಕಾರಿ ಖರೀದಿಗೂ ನೂರಕ್ಕೆ 14ರ ಒಳಗಿರಬೇಕು. ಅಷ್ಟಕ್ಕೆ ಒಣಗಿಸಬೇಕಾದರೆ ಕಣ ಬೇಕು, ಬಿಸಿಲು ಬೇಕು, ಹಿಂಗಾರು ಮಳೆ ಕೈಕೊಡಬಾರದು, ಗೊಬ್ಬರದಂಗಡಿಯವನು ಬಾಕಿ ಕೇಳಬಾರದು. ಇಷ್ಟೂ ಒಟ್ಟಿಗೆ ಆಗುವ ಮಾತಲ್ಲ. ಟಾರು ರಸ್ತೆ ಮೇಲೇ ಜೋಳ ಹರವಿ, ಲಾರಿ ಬಂದಾಗ ಓಡಿಸಿಕೊಂಡು ಕೂರುವುದನ್ನು ಹರಿಹರ, ಹರಪನಹಳ್ಳಿ ದಾರಿಯಲ್ಲಿ ಹೋದವರೆಲ್ಲ ನೋಡಿದ್ದಾರೆ. ಆಮೇಲೆ ಯಾರ್ಡಿಗೆ ತಂದರೆ ತೇವ ಅಂತ ಒಂದು ಕಡಿತ, ಕಸ ಅಂತ ಒಂದು. ದಲಾಲಿಯನ್ನು ಖರೀದಿದಾರನೇ ಕೊಡಬೇಕು ಎಂದು ಕಾಯ್ದೆ ಹೇಳುತ್ತದೆ. ಕಾಯ್ದೆ ಹೇಳಿದ್ದೆಲ್ಲ ಯಾರ್ಡಿನಲ್ಲಿ ನಡೆದಿದ್ದರೆ ಈ ಅಂಕಣಕ್ಕೆ ಕೆಲಸವೇ ಇರುತ್ತಿರಲಿಲ್ಲ.

ಇತ್ತ ದೊಡ್ಡ ಗಿರಾಕಿಗಳಿಗೆ ಒಣಗಿಸುವ ಯಂತ್ರವಿದೆ, ಗೋದಾಮಿದೆ, ಬ್ಯಾಂಕಿನ ಸಾಲವಿದೆ. ಕಾರ್ಗಿಲ್‌ನಂಥ ಕಂಪನಿಗೆ ಇನ್ನೊಂದು ಜಾಸ್ತಿ ಇದೆ, ಸುದ್ದಿ. ಬ್ರೆಜಿಲ್‌ನಲ್ಲಿ ಮಳೆ ಹೇಗಿದೆ, ಯುಕ್ರೇನಿನಲ್ಲಿ ಹಡಗು ಹೊರಟಿತೋ ಇಲ್ಲವೋ ಎಂಬುದು ಅದರ ಸ್ವಂತ ಕಚೇರಿಗಳಿಂದಲೇ ಬರುತ್ತದೆ. ಇದರಲ್ಲಿ ಮೋಸವಿಲ್ಲ, ಅಕ್ರಮವಿಲ್ಲ. ಆದರೆ ಒಬ್ಬನಿಗೆ ಜಗತ್ತಿನ ಕಾಳಿನ ಲೆಕ್ಕ ಗೊತ್ತು, ಇನ್ನೊಬ್ಬನಿಗೆ ತನ್ನ ಟ್ರ್ಯಾಕ್ಟರಿನ ಬಾಡಿಗೆ ಗೊತ್ತು. ಇಬ್ಬರೂ ಸಮ ಎಂದು ಕೂರಿಸಿ ವ್ಯಾಪಾರ ಮಾಡಿಸಿದರೆ ಫಲಿತಾಂಶ ಮೊದಲೇ ಬರೆದಿಟ್ಟ ಹಾಗೆ.

1992ರಲ್ಲಿ ಕಡತ ಸುಟ್ಟವರಿಗೂ 2015ರಲ್ಲಿ ಹಾರ ಹಾಕಿದವರಿಗೂ ಈ ಗೋದಾಮಿನ ವಿಚಾರ ಅಷ್ಟಾಗಿ ಕಂಡಂತಿಲ್ಲ. ಮೊದಲನೆಯವರು ಕಂಪನಿ ಹೋದರೆ ಎಲ್ಲ ಸರಿಯಾಗುತ್ತದೆ ಅಂದುಕೊಂಡರು. ಕಂಪನಿಯ ಹೆಸರು ಬದಲಾಯಿತು, ಬೀಜದಂಗಡಿ ಹಾಗೇ ಇದೆ. ಎರಡನೆಯವರು ಕಂಪನಿ ಬಂದರೆ ರೇಟು ಬರುತ್ತದೆ ಅಂದರು. ಹತ್ತು ವರ್ಷದ ಮೇಲೆ ಅದೇ ರೈತ ಬೆಂಬಲ ಬೆಲೆ ಕೊಡಿ ಎಂದು ಕೂಗಿದ. ಜಿಲ್ಲೆಯ ಸಹಕಾರ ಸಂಘಗಳ ಕೈಯಲ್ಲಿ ಹೋಬಳಿಗೊಂದು ಒಣಗಿಸುವ ಯಂತ್ರ, ಅದರ ಮಗ್ಗುಲಿಗೆ ಗೋದಾಮು, ದಾಸ್ತಾನು ಚೀಟಿಯ ಮೇಲೆ ಸಾಲ ಇದ್ದರೆ ನವೆಂಬರ್‌ನ ಜೋಳವನ್ನು ಮಾರ್ಚ್‌ಗೆ ಮಾರಬಹುದು. ಕಾನೋವರ್‌ನ ಹುಡುಗ ಮಾಡಿದ್ದು ಇದನ್ನೇ, ಬೇರೇನೂ ಅಲ್ಲ.

ದರ ಕುಸಿದಾಗ ಕೆಎಂಎಫ್ ತನ್ನ ಪಶು ಆಹಾರಕ್ಕೆ ರೈತರಿಂದ ನೇರ ಜೋಳ ಕೊಳ್ಳಲಿ ಎಂಬ ಮಾತು ಬಂತು. ಮಾತು ಒಳ್ಳೆಯದೇ. ಆದರೆ ಅದೂ ಒಣಗಿದ ಜೋಳವನ್ನೇ ಕೇಳುತ್ತದೆ. ಒದ್ದೆ ಜೋಳಕ್ಕೆ ಬೂಷ್ಟು ಹತ್ತಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ದನದ ಹಾಲಿಗೇ ಇಳಿಯುತ್ತದೆ. ಸಹಕಾರಿಯವರು ಕೊಂಡರೂ ಖಾಸಗಿಯವರು ಕೊಂಡರೂ ಯಂತ್ರದ ಪ್ರಶ್ನೆ ತಪ್ಪುವುದಿಲ್ಲ. ಮುಂಗಾರಿನ ಬೆಂಬಲ ಬೆಲೆಯನ್ನು ಕೇಂದ್ರ ಸಾಮಾನ್ಯವಾಗಿ ಜೂನ್ ಆಸುಪಾಸಿನಲ್ಲಿ ಪ್ರಕಟಿಸುತ್ತದೆ, ಜೋಳ ಯಾರ್ಡಿಗೆ ಬರುವುದು ಅಕ್ಟೋಬರ್‌ಗೆ. ನಡುವೆ ನಾಲ್ಕು ತಿಂಗಳಿವೆ. ಎಪಿಎಂಸಿಯ ಮುಂದಿನ ಸಭೆಯಲ್ಲಿ ಇಷ್ಟೊಂದು ವಿಷಯವನ್ನಾದರೂ ಕಾರ್ಯಸೂಚಿಗೆ ಹಾಕಿಸಲು ಜಿಲ್ಲೆಯ ಜನಪ್ರತಿನಿಧಿಗಳಿಗೆ ಅಡ್ಡಿ ಏನೂ ಇಲ್ಲ.